ತಿದಿ ಕಟ್ಟಿದ ಎಂಜಿನು: ಬೆಂಟ್ಲಿ ‘ಬ್ಲೋವರ್’ ಕಾರಿನ ಬಲ ಮತ್ತು ಬಾಳಿಕೆ

ಕಮ್ಮಾರನ ಕುಲುಮೆಯಲ್ಲಿ ಇದ್ದಿಲು ಎಷ್ಟೇ ರಾಶಿಯಾಗಿರಲಿ, ತಿದಿಯೊತ್ತದೆ ಕಬ್ಬಿಣ ಕೆಂಪೇರುವುದಿಲ್ಲ. ಉರಿಯುವುದು ಇದ್ದಿಲಾದರೂ ಅದನ್ನು ಉರಿಸುವುದು ಗಾಳಿ. ಮೋಟಾರು ಕಾರಿನ ಎಂಜಿನ್ನಿಗೂ ಇದೇ ನಿಯಮ ಅನ್ವಯಿಸುತ್ತದೆ. ಸಿಲಿಂಡರಿನೊಳಕ್ಕೆ ಪೆಟ್ರೋಲನ್ನು ಬೇಕಾದಷ್ಟು ಬಿಡುವುದು ಸುಲಭ. ಆ ಪೆಟ್ರೋಲು ಪೂರ್ಣವಾಗಿ ಉರಿಯಲು ಅಗತ್ಯವಾದ ಗಾಳಿಯನ್ನು ಒದಗಿಸುವುದೇ ಕಷ್ಟ. ಒಂದು ಕಿಲೋಗ್ರಾಂ ಪೆಟ್ರೋಲಿಗೆ ಸುಮಾರು 15 ಕಿಲೋಗ್ರಾಂ ಗಾಳಿ ಬೇಕು. ನಿಮಿಷಕ್ಕೆ 3500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ನು ಒಮ್ಮೆ ಕೆಳಗಿಳಿದು ಗಾಳಿಯನ್ನು ಸೆಳೆದುಕೊಳ್ಳಲು ದೊರೆಯುವ ಅವಧಿಯಾದರೋ ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಸಾಮಾನ್ಯ ಎಂಜಿನ್ನಿನಲ್ಲಿ ಈ ಗಾಳಿಯನ್ನು ಒಳಕ್ಕೆ ನೂಕುವುದು ವಾಯುಮಂಡಲದ ಒತ್ತಡವೇ ಹೊರತು ಬೇರಾವ ಬಲವೂ ಅಲ್ಲ. ಪಿಸ್ಟನ್ನು ಇಳಿದಾಗ ಉಂಟಾಗುವ ತೆರಪನ್ನು ಹೊರಗಿನ ಗಾಳಿ ತಾನಾಗಿ ಬಂದು ತುಂಬುತ್ತದೆ. ಆದುದರಿಂದಲೇ ಒಂದೇ ಕಾರು ಕಡಲ ಮಟ್ಟದ ಮಂಗಳೂರಿನಲ್ಲಿ ತೋರುವ ಬಲವನ್ನು ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ತೋರಲಾರದು. ಅಲ್ಲಿ ಗಾಳಿಯ ಒತ್ತಡ ಹತ್ತನೆಯ ಒಂದು ಭಾಗದಷ್ಟು ಕಡಿಮೆಯಿರುವುದರಿಂದ ಎಂಜಿನ್ನಿನ ಬಲವೂ ಸರಿಸುಮಾರು ಅಷ್ಟೇ ಕುಗ್ಗುತ್ತದೆ. ವಾಯುಮಂಡಲದ ಈ ಔದಾರ್ಯವನ್ನೇ ನೆಚ್ಚಿ ಕೂರದೆ, ಯಂತ್ರದಿಂದಲೇ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಸಾಧನವೇ ಸೂಪರ್‌ಚಾರ್ಜರು. ಇಂಗ್ಲಿಷರು ಅದನ್ನು ಆಡುಮಾತಿನಲ್ಲಿ ‘ಬ್ಲೋವರ್’ ಎಂದರು. ನಮ್ಮ ಕಮ್ಮಾರರ ಭಾಷೆಯಲ್ಲಿ ಅದು ತಿದಿಯೇ ಸರಿ.

ತಿದಿ ಕಟ್ಟಿದ ಹಳೆಯ ಕಾರುಗಳಲ್ಲಿ ಎಲ್ಲಕ್ಕಿಂತ ಹೆಸರಾದುದು 1929ರಿಂದ 1931ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ನಾಲ್ಕೂವರೆ ಲೀಟರಿನ ಬೆಂಟ್ಲಿ ಬ್ಲೋವರ್. ಅದರ ಹೆಸರಿಗೂ ಅದರ ಗೆಲುವುಗಳಿಗೂ ಹೋಲಿಸಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಇಪ್ಪತ್ತನಾಲ್ಕು ಗಂಟೆಗಳ ಲ ಮಾನ್ ಪಂದ್ಯವನ್ನು ಬೆಂಟ್ಲಿ ಸಂಸ್ಥೆ 1924ರಲ್ಲಿ ಒಮ್ಮೆಯೂ, 1927ರಿಂದ 1930ರವರೆಗೆ ಸತತವಾಗಿ ನಾಲ್ಕು ಬಾರಿಯೂ ಗೆದ್ದಿತು. ಈ ಐದು ಗೆಲುವುಗಳಲ್ಲಿ ಒಂದೂ ತಿದಿಯ ಕಾರಿನದಲ್ಲ. ಬಲದಲ್ಲಿ ಮಿಗಿಲಾದ ಎಂಜಿನು ಬಾಳಿಕೆಯಲ್ಲಿ ಏಕೆ ಹಿಂದೆ ಬಿದ್ದಿತೆಂಬುದನ್ನು ಅರಿಯಬೇಕಾದರೆ ಮೊದಲು ಅದರ ಮೂಲ ವಿನ್ಯಾಸವನ್ನು ಗಮನಿಸಬೇಕು.

ವಾಲ್ಟರ್ ಓವೆನ್ ಬೆಂಟ್ಲಿ ಮೊದಲು ಪಳಗಿದ್ದು ರೈಲ್ವೆಯಲ್ಲಿ. ಡಾನ್‌ಕಾಸ್ಟರಿನ ರೈಲ್ವೆ ಕಾರ್ಖಾನೆಯಲ್ಲಿ ಉಗಿಬಂಡಿಗಳ ನಡುವೆ ಶಿಷ್ಯವೃತ್ತಿ ಮಾಡಿದವನು ಆತ. ಮೊದಲನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಎಂಜಿನು ರೂಪಿಸಿ, 1919ರಲ್ಲಿ ತನ್ನದೇ ಕಾರು ಸಂಸ್ಥೆಯನ್ನು ಸ್ಥಾಪಿಸಿದನು. ಉಗಿಬಂಡಿಯ ಎಂಜಿನಿಯರು ವೇಗವನ್ನು ಮಾತ್ರ ಲೆಕ್ಕಿಸುವವನಲ್ಲ. ದಿನವೆಲ್ಲ ಭಾರ ಎಳೆದೂ ದಣಿಯದ ಯಂತ್ರವೇ ಅವನಿಗೆ ಆದರ್ಶ. ಬೆಂಟ್ಲಿಯ ಎಂಜಿನುಗಳಲ್ಲಿ ಈ ಮನೋಧರ್ಮ ಸ್ಪಷ್ಟವಾಗಿ ಎದ್ದು ಕಾಣುತ್ತದೆ.

ನಾಲ್ಕೂವರೆ ಲೀಟರಿನ ಎಂಜಿನ್ನಿನಲ್ಲಿ ಸಾಲಾಗಿ ನಿಂತ ನಾಲ್ಕು ಸಿಲಿಂಡರುಗಳು. ಪ್ರತಿಯೊಂದರ ವ್ಯಾಸ 100 ಮಿಲಿಮೀಟರು. ಪಿಸ್ಟನ್ನಿನ ನಡೆ 140 ಮಿಲಿಮೀಟರು. ಒಟ್ಟು ಗಾತ್ರ 4398 ಘನ ಸೆಂಟಿಮೀಟರು. ವ್ಯಾಸಕ್ಕಿಂತ ನಡೆ ಇಷ್ಟು ಉದ್ದವಾಗಿದ್ದರೆ ಎಂಜಿನು ನಿಧಾನವಾಗಿ ತಿರುಗುವಾಗಲೂ ಎಳೆತ ಚೆನ್ನಾಗಿರುತ್ತದೆ. ಪ್ರತಿ ಸಿಲಿಂಡರಿಗೆ ನಾಲ್ಕು ಕವಾಟಗಳು, ಎರಡು ಸ್ಪಾರ್ಕ್ ಪ್ಲಗ್ಗುಗಳು. ಕಿಡಿ ಹೊತ್ತಿಸಲು ಎರಡು ಮ್ಯಾಗ್ನೆಟೊಗಳು. ಒಂದು ಕೈಕೊಟ್ಟರೂ ಇನ್ನೊಂದರ ಬಲದಿಂದ ಕಾರು ಊರು ಸೇರಬಹುದು. ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್ ಷಾಫ್ಟು ಎಂಜಿನ್ನಿನ ನೆತ್ತಿಯ ಮೇಲಿದ್ದು, ಮುಂಭಾಗದ ನೆಟ್ಟನೆಯ ದಂಡವೊಂದು ಅದನ್ನು ತಿರುಗಿಸುತ್ತಿತ್ತು. ಸಿಲಿಂಡರು ಮತ್ತು ಅದರ ತಲೆ ಎರಡನ್ನೂ ಒಂದೇ ಎರಕವಾಗಿ ಹೊಯ್ಯಲಾಗಿತ್ತು. ಇಂದಿನ ಕಾರುಗಳಲ್ಲಿ ತಲೆಯನ್ನು ಬೇರೆಯಾಗಿ ಮಾಡಿ ನಡುವೆ ಗ್ಯಾಸ್ಕೆಟ್ಟು ಇಟ್ಟು ಬಿಗಿಯುವುದು ರೂಢಿ. ಎಂಜಿನು ಮಿತಿಮೀರಿ ಕಾದಾಗ ಮೊದಲು ಕೆಡುವುದು ಆ ಗ್ಯಾಸ್ಕೆಟ್ಟೇ. ಬೆಂಟ್ಲಿಯ ಎರಕದಲ್ಲಿ ಅಂಥ ಸಂದೇ ಇರಲಿಲ್ಲ. ಕವಾಟಗಳನ್ನು ಉಜ್ಜಿ ಸರಿಪಡಿಸಬೇಕಾದಾಗ ಮಾತ್ರ ಮೆಕ್ಯಾನಿಕ್ಕನಿಗೆ ಇಡೀ ಎರಕವನ್ನೇ ಎತ್ತಬೇಕಾದ ಕಷ್ಟವಿತ್ತು.

ತಿದಿಯಿಲ್ಲದ ಸಾಮಾನ್ಯ ರೂಪದಲ್ಲಿ ಈ ಎಂಜಿನು ಕೊಡುತ್ತಿದ್ದುದು ಸುಮಾರು 110 ಅಶ್ವಶಕ್ತಿ. ಪಂದ್ಯಕ್ಕೆಂದು ಹದಗೊಳಿಸಿದಾಗ ಸುಮಾರು 130. ಲೀಟರಿಗೆ ಇಪ್ಪತ್ತೈದರಿಂದ ಮೂವತ್ತು ಅಶ್ವಶಕ್ತಿಯೆಂಬುದು ಇಂದಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಆ ಬಲವನ್ನು ಹಗಲೂ ರಾತ್ರಿಯೂ ಎಡೆಬಿಡದೆ ಕೊಡುವುದರಲ್ಲಿತ್ತು ಅದರ ಹಿರಿಮೆ. 1928ರ ಲ ಮಾನ್ ಪಂದ್ಯವನ್ನು ಗೆದ್ದುದು ಈ ತಿದಿಯಿಲ್ಲದ ನಾಲ್ಕೂವರೆ ಲೀಟರಿನ ಕಾರೇ. ಓಟದ ಕೊನೆಯ ಹೊತ್ತಿಗೆ ಅದರ ಚೌಕಟ್ಟು ಬಿರುಕು ಬಿಟ್ಟು, ರೇಡಿಯೇಟರಿನ ನೀರು ಸೋರಿಹೋಗಿತ್ತು. ಆದರೂ ಎಂಜಿನು ಗುರಿ ಮುಟ್ಟಿಸಿತು. ಮರುವರ್ಷ ಬೆಂಟ್ಲಿ ಕಾರುಗಳು ಮೊದಲ ನಾಲ್ಕು ಸ್ಥಾನಗಳನ್ನೂ ಪಡೆದವು. ಎರಡು, ಮೂರು, ನಾಲ್ಕನೆಯ ಸ್ಥಾನಗಳಲ್ಲಿ ಬಂದವು ಇದೇ ಎಂಜಿನ್ನಿನ ಕಾರುಗಳು.

ಇಷ್ಟಿದ್ದರೂ ತೃಪ್ತನಾಗದವನೊಬ್ಬನಿದ್ದ. ನಾಟಿಂಗ್‌ಹ್ಯಾಮಿನ ಲೇಸು ವ್ಯಾಪಾರದ ಶ್ರೀಮಂತ ಮನೆತನದಲ್ಲಿ ಹುಟ್ಟಿ, ‘ಟಿಮ್’ ಎಂಬ ಹೆಸರಿನಿಂದಲೇ ಜನಜನಿತನಾಗಿದ್ದ ಹೆನ್ರಿ ಬರ್ಕಿನ್ ಬೆಂಟ್ಲಿ ಕಾರುಗಳ ಸವಾರರಲ್ಲಿ ಎಲ್ಲರಿಗಿಂತ ಸಾಹಸಿ. ಜರ್ಮನಿಯ ಮರ್ಸಿಡಿಸ್ ಕಾರುಗಳು ತಿದಿಯನ್ನು ಆಗಲೇ ಅಳವಡಿಸಿಕೊಂಡಿದ್ದವು. 1921ರ ಬರ್ಲಿನ್ ಪ್ರದರ್ಶನದಲ್ಲಿಯೇ ಅಂಥ ಕಾರುಗಳನ್ನು ಜನರ ಮುಂದಿಡಲಾಗಿತ್ತು. ಅವುಗಳನ್ನು ಮೀರಿಸಲು ಬೆಂಟ್ಲಿಗೂ ತಿದಿ ಬೇಕೆಂಬುದು ಬರ್ಕಿನ್ನನ ದೃಢ ಅಭಿಪ್ರಾಯ. ಬೆಂಟ್ಲಿ ಒಪ್ಪಲಿಲ್ಲ. ತಿದಿ ಕಟ್ಟಿದರೆ ಎಂಜಿನ್ನಿನ ವಿನ್ಯಾಸವೇ ಕೆಡುತ್ತದೆಂಬುದು ಆತನ ನಿಲುವು. ಹೆಚ್ಚು ಬಲ ಬೇಕಿದ್ದರೆ ದೊಡ್ಡ ಎಂಜಿನ್ನನ್ನೇ ಕಟ್ಟಬೇಕೆಂಬುದು ಆತನ ಸೂತ್ರ. ಆದರೆ 1926ರಲ್ಲಿ ಸಂಸ್ಥೆಯ ಹಣಕಾಸಿನ ಹಿಡಿತ ವುಲ್ಫ್ ಬಾರ್ನಾಟೊ ಎಂಬ ವಜ್ರವ್ಯಾಪಾರದ ವಾರಸುದಾರನ ಕೈಸೇರಿತ್ತು. ಸಂಸ್ಥೆಗೆ ಹೆಸರು ಬೆಂಟ್ಲಿಯದಾದರೂ ಕಡೆಯ ಮಾತು ಬಾರ್ನಾಟೊನದು. ಆತ ಒಪ್ಪಿದನು. ಡಾರೊತಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ ಪಂದ್ಯದ ತಂಡಕ್ಕೆ ಹಣ ಒದಗಿಸಿದಳು. ಹೀಗೆ ಎಂಜಿನ್ನಿನ ನಿರ್ಮಾತೃವಿನ ಇಚ್ಛೆಗೆ ವಿರುದ್ಧವಾಗಿಯೇ ಅದಕ್ಕೆ ತಿದಿ ಬಂದಿತು. ಲ ಮಾನ್ ನಿಯಮದಂತೆ 50 ಕಾರುಗಳನ್ನು ಮಾರಾಟಕ್ಕೆಂದು ತಯಾರಿಸಬೇಕಾಯಿತು. ಪಂದ್ಯದ ಕಾರುಗಳೂ ಸೇರಿ ಒಟ್ಟು 55 ತಯಾರಾದವು.

ಈ ತಿದಿಯನ್ನು ರೂಪಿಸಿದವನು ಆಮ್‌ಹರ್ಸ್ಟ್ ವಿಲಿಯರ್ಸ್ ಎಂಬ ಎಂಜಿನಿಯರು. ಅದು ‘ರೂಟ್ಸ್’ ಮಾದರಿಯದು. ಅಮೆರಿಕದ ಇಂಡಿಯಾನಾ ಪ್ರಾಂತ್ಯದ ಕಾನರ್ಸ್‌ವಿಲ್ ಎಂಬ ಊರಿನ ರೂಟ್ಸ್ ಸಹೋದರರು 1860ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಕಾರು ಎಂಬುದೇ ಇಲ್ಲದ ಕಾಲದಲ್ಲಿ ಇದು ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿಯೂದುತ್ತಿತ್ತು. ತಿದಿಯೆಂಬ ಹೆಸರು ಇದಕ್ಕೆ ಒಪ್ಪುವುದು ಬರಿಯ ಉಪಮೆಯಿಂದಲ್ಲ. ಇಂಗ್ಲಿಷಿನ ಎಂಟರ ಅಂಕಿಯ ಆಕಾರದ ಎರಡು ಉರುಳೆಗಳು ಒಂದು ಪೆಟ್ಟಿಗೆಯೊಳಗೆ ಎದುರುಬದುರಾಗಿ ತಿರುಗುತ್ತವೆ. ಅವು ಒಂದನ್ನೊಂದು ಮುಟ್ಟುವುದಿಲ್ಲ. ಹಲ್ಲುಚಕ್ರಗಳು ಅವುಗಳನ್ನು ಕೂದಲೆಳೆಯ ಅಂತರದಲ್ಲಿಯೇ ಸುತ್ತಿಸುತ್ತವೆ. ಉರುಳೆಗೂ ಪೆಟ್ಟಿಗೆಯ ಗೋಡೆಗೂ ನಡುವೆ ಸಿಕ್ಕಿದ ಗಾಳಿಯನ್ನು ಅವು ಒಂದು ಬದಿಯಿಂದ ಮತ್ತೊಂದು ಬದಿಗೆ ಸಾಗಿಸಿ ಕೊಳವೆಯೊಳಕ್ಕೆ ಒತ್ತುತ್ತವೆ. ಎಂಜಿನು ನುಂಗಬಲ್ಲುದಕ್ಕಿಂತ ಹೆಚ್ಚು ಗಾಳಿ ಬರುತ್ತಲೇ ಇರುವುದರಿಂದ ಕೊಳವೆಯಲ್ಲಿ ಒತ್ತಡ ಏರುತ್ತದೆ.

ವಿಲಿಯರ್ಸ್ ಈ ಪೆಟ್ಟಿಗೆಯನ್ನು ಬಾನೆಟ್ಟಿನ ಕೆಳಗೆ ಅಡಗಿಸಿಡಲಿಲ್ಲ. ರೇಡಿಯೇಟರಿಗಿಂತಲೂ ಮುಂದೆ, ಚೌಕಟ್ಟಿನ ಎರಡು ಕೊಂಬುಗಳ ನಡುವೆ ಕೂರಿಸಿ, ಕ್ರ್ಯಾಂಕ್ ಷಾಫ್ಟಿನ ಮುಂತುದಿಯಿಂದಲೇ ಅದನ್ನು ತಿರುಗಿಸಿದನು. ಕಾರಿನ ಮೂತಿಗೆ ಕಟ್ಟಿದಂತೆ ಕಾಣುವ ಈ ಭಾರವಾದ ಪೆಟ್ಟಿಗೆಯೇ ಬ್ಲೋವರ್ ಬೆಂಟ್ಲಿಯ ಗುರುತು. ಎರಡು ಎಸ್.ಯು. ಕಾರ್ಬ್ಯುರೇಟರುಗಳು ತಿದಿಗೇ ಅಂಟಿಕೊಂಡಿದ್ದವು. ಎಂದರೆ ತಿದಿ ಬರಿಯ ಗಾಳಿಯನ್ನಲ್ಲ, ಪೆಟ್ರೋಲು ಬೆರೆತ ಗಾಳಿಯನ್ನು ಸೆಳೆದು ನೂಕುತ್ತಿತ್ತು. ಮರ್ಸಿಡಿಸ್ಸಿನವರ ಪದ್ಧತಿಯೇ ಬೇರೆ. ಅಲ್ಲಿ ತಿದಿ ಸದಾ ತಿರುಗುತ್ತಿರಲಿಲ್ಲ. ಚಾಲಕನು ಪೆಡಲನ್ನು ತಳಮುಟ್ಟ ತುಳಿದಾಗ ಮಾತ್ರ ಕ್ಲಚ್ಚಿನ ಮೂಲಕ ಎಂಜಿನ್ನಿಗೆ ಸೇರಿಕೊಂಡು, ಕಾರ್ಬ್ಯುರೇಟರಿನ ಮೂಲಕ ಗಾಳಿಯನ್ನು ಊದುತ್ತಿತ್ತು. ಬೆಂಟ್ಲಿಯಲ್ಲಿ ತಿದಿಗೆ ಬಿಡುವೆಂಬುದೇ ಇರಲಿಲ್ಲ.

ಫಲಿತಾಂಶ ಅಂಕಿಗಳಲ್ಲಿಯೇ ಇದೆ. ಮಾರಾಟದ ಕಾರಿನಲ್ಲಿ ನಿಮಿಷಕ್ಕೆ 3500 ಸುತ್ತಿನಲ್ಲಿ 175 ಅಶ್ವಶಕ್ತಿ. ಪಂದ್ಯದ ಕಾರಿನಲ್ಲಿ 4200 ಸುತ್ತಿನಲ್ಲಿ 240. ಸಿಲಿಂಡರಿನ ಗಾತ್ರ ಒಂದಿನಿತೂ ಹೆಚ್ಚದೆ ಪಂದ್ಯದ ಕಾರಿನ ಬಲ ಇಮ್ಮಡಿಯ ಸಮೀಪಕ್ಕೆ ಏರಿತು.

ಆದರೆ ಈ ಬಲ ಪುಕ್ಕಟೆಯಾಗಿ ಬಂದುದಲ್ಲ. ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಅಂದಿನ ಎಂಜಿನುಗಳು ಕೆಲಸಕ್ಕೆ ಬಳಸಿಕೊಳ್ಳುತ್ತಿದ್ದುದು ಸುಮಾರು ಕಾಲುಭಾಗವನ್ನು ಮಾತ್ರ. ಉಳಿದ ಮುಕ್ಕಾಲು ಭಾಗ ಹೊಗೆಯೊಡನೆಯೂ ನೀರಿನೊಡನೆಯೂ ಎಣ್ಣೆಯೊಡನೆಯೂ ಹೊರಹೋಗಬೇಕು. ಬಲ ಇಮ್ಮಡಿಸಿದರೆ ಹೊರಹಾಕಬೇಕಾದ ಶಾಖವೂ ಇಮ್ಮಡಿಸುತ್ತದೆ. ಆ ಶಾಖ ದಾಟಬೇಕಾದ ದಾರಿ ಮಾತ್ರ ಹಳೆಯದೇ: ಅದೇ 100 ಮಿಲಿಮೀಟರಿನ ಪಿಸ್ಟನ್ನು, ಅದೇ ಸಿಲಿಂಡರಿನ ಗೋಡೆ, ಹೊಗೆ ಹೊರಬಿಡುವ ಅವೇ ಕವಾಟಗಳು. ಸೈಕಲ್ಲಿನ ಪಂಪನ್ನು ರಭಸವಾಗಿ ಒತ್ತಿದಾಗ ಅದರ ತುದಿ ಬಿಸಿಯಾಗುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ತಿದಿಯೊಳಗೂ ಹಾಗೆಯೇ ಮಿಶ್ರಣ ಮೊದಲೇ ಕಾಯುತ್ತದೆ. ಪೆಟ್ರೋಲು ಆವಿಯಾಗುವಾಗ ಸ್ವಲ್ಪ ಶಾಖವನ್ನು ಹೀರಿಕೊಂಡು ಇದಕ್ಕೆ ತುಸು ಪರಿಹಾರ ಒದಗಿಸುತ್ತಿತ್ತೆಂಬುದು ನಿಜವಾದರೂ ಅದು ಸಾಕಾಗುವಷ್ಟಲ್ಲ.

ಹೀಗೆ ಕಾದ ಮಿಶ್ರಣ ಕಿಡಿ ತಾಗುವಲ್ಲಿಂದ ಕ್ರಮವಾಗಿ ಉರಿಯುತ್ತ ಹೋಗುವ ಬದಲು, ಮೂಲೆಯಲ್ಲಿ ಉಳಿದ ಭಾಗ ತಟಕ್ಕನೆ ಒಮ್ಮೆಲೇ ಸಿಡಿಯುವ ಅಪಾಯವುಂಟು. ಪಿಸ್ಟನ್ನಿನ ಮೇಲೆ ಸುತ್ತಿಗೆಯಿಂದ ಹೊಡೆದಂತೆ ಸದ್ದಾಗುವ ಇದನ್ನೇ ಎಂಜಿನು ‘ನಾಕ್’ ಹೊಡೆಯುವುದೆನ್ನುತ್ತಾರೆ. ಕೆಲವು ನಿಮಿಷಗಳ ಕಾಲ ಇದು ನಡೆದರೂ ಪಿಸ್ಟನ್ನಿನ ನೆತ್ತಿ ತೂತಾಗಬಹುದು. ಇಂದಿನ ಪೆಟ್ರೋಲು ಇಂಥ ಸಿಡಿತವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಆ ಕಾಲದ ಪೆಟ್ರೋಲಿಗೆ ಆ ಗುಣ ಕಡಿಮೆಯಿದ್ದುದರಿಂದ ಪಂದ್ಯಗಳಲ್ಲಿ ಬೆಂಜಾಲ್ ಬೆರೆಸುವ ರೂಢಿಯಿತ್ತು. ಸ್ಪಾರ್ಕ್ ಪ್ಲಗ್ಗುಗಳ ಸಂಕಟವೂ ಸಣ್ಣದಲ್ಲ. ತಿದಿಯ ಎಂಜಿನ್ನಿನಲ್ಲಿ ಅವು ತೀರ ಕಾದರೆ ತಾವೇ ಕೆಂಡವಾಗಿ ಅಕಾಲದಲ್ಲಿ ಬೆಂಕಿ ಹೊತ್ತಿಸುತ್ತವೆ. ಶಾಖವನ್ನು ಬೇಗ ಬಿಟ್ಟುಕೊಡುವ ಪ್ಲಗ್ಗುಗಳನ್ನು ಹಾಕಿದರೆ ನಿಧಾನವಾಗಿ ಓಡಿಸುವಾಗ ಎಣ್ಣೆ ಅಂಟಿ ಕಿಡಿಯೇ ಬಾರದು.

ಸುತ್ತಿನ ವೇಗವನ್ನು ಏರಿಸಿದುದರ ಪರಿಣಾಮವನ್ನು ಶಾಲೆಯ ಗಣಿತದಿಂದಲೇ ತಿಳಿಯಬಹುದು. ಒಂದು ಸುತ್ತಿಗೆ ಪಿಸ್ಟನ್ನು 140 ಮಿಲಿಮೀಟರು ಕೆಳಗಿಳಿದು ಅಷ್ಟೇ ಮೇಲೇರಬೇಕು. 3500 ಸುತ್ತಿನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 16 ಮೀಟರಿಗಿಂತ ಸ್ವಲ್ಪ ಹೆಚ್ಚು, 4200ರಲ್ಲಿ 19.6 ಮೀಟರು. ಮೇಲೆ ಕೆಳಗೆ ಪ್ರತಿ ಬಾರಿಯೂ ಅದು ನಿಂತು ಮರಳಬೇಕಾದುದರಿಂದ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ವೇಗದ ವರ್ಗದಂತೆ ಏರುತ್ತದೆ. ಸುತ್ತು ಶೇಕಡ 20ರಷ್ಟು ಹೆಚ್ಚಿದರೆ ಎಳೆತ ಶೇಕಡ 44ರಷ್ಟು ಹೆಚ್ಚುತ್ತದೆ. ವಿಲಿಯರ್ಸ್ ಇದನ್ನು ಅರಿಯದವನಲ್ಲ. ಕ್ರ್ಯಾಂಕ್ ಷಾಫ್ಟನ್ನೂ ಕನೆಕ್ಟಿಂಗ್ ರಾಡುಗಳನ್ನೂ ಆತ ಬಲಪಡಿಸಿದ್ದನು. ಆದರೆ ಬಿಳಿಲೋಹದ ಬೇರಿಂಗುಗಳಿಗೂ ಅಂದಿನ ಎಣ್ಣೆಗೂ ಒಂದು ಮಿತಿಯಿತ್ತು. ಕಾದ ಎಣ್ಣೆ ತೆಳುವಾಗಿ, ಲೋಹಕ್ಕೂ ಲೋಹಕ್ಕೂ ನಡುವಿನ ಪದರ ಹರಿದರೆ ಬೇರಿಂಗು ಕರಗುವುದಕ್ಕೆ ಹೆಚ್ಚು ಹೊತ್ತು ಬೇಕಾಗದು. ಇದರೊಡನೆ, ಹೊಸ ಬಲದ ಒಂದು ಪಾಲನ್ನು ತಿದಿಯೇ ತನ್ನನ್ನು ತಿರುಗಿಸಿಕೊಳ್ಳಲು ತಿನ್ನುತ್ತಿತ್ತೆಂಬುದನ್ನೂ ಮರೆಯಬಾರದು.

ಬೆಂಟ್ಲಿಯ ಸೂತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಆತನ ‘ಸ್ಪೀಡ್ ಸಿಕ್ಸ್’ ಕಾರಿನಲ್ಲಿ ಸಿಲಿಂಡರಿನ ವ್ಯಾಸವೂ ನಡೆಯೂ ಅವೇ, 100 ಮತ್ತು 140. ಸಿಲಿಂಡರುಗಳು ಮಾತ್ರ ನಾಲ್ಕಲ್ಲ, ಆರು. ಗಾತ್ರ 6597 ಘನ ಸೆಂಟಿಮೀಟರು. ಬಲ ಸುಮಾರು 180 ಅಶ್ವಶಕ್ತಿ, ಪಂದ್ಯಕ್ಕೆ 200. ಮಾರಾಟದ ಬ್ಲೋವರ್ ಕಾರಿನ 175ಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಆದರೆ ಭಾರವನ್ನು ಹಂಚಿ ನೋಡಿದಾಗ ಒಂದರಲ್ಲಿ ಸಿಲಿಂಡರಿಗೆ 30 ಅಶ್ವಶಕ್ತಿ, ಇನ್ನೊಂದರಲ್ಲಿ ಸುಮಾರು 44. ಆರು ಎತ್ತು ಹೂಡಿ ಎಳೆಸುವುದಕ್ಕೂ ನಾಲ್ಕೇ ಎತ್ತುಗಳನ್ನು ಬಾರುಕೋಲಿನಿಂದ ಬಡಿದು ಅದೇ ಭಾರ ಎಳೆಸುವುದಕ್ಕೂ ಇರುವ ವ್ಯತ್ಯಾಸ ಇದೇ. ಪಂದ್ಯದ ಬ್ಲೋವರಿನಲ್ಲಂತೂ ಸಿಲಿಂಡರೊಂದರ ಪಾಲಿಗೆ ಬೀಳುತ್ತಿದ್ದುದು 60.

1930ರ ಜೂನ್ 21 ಮತ್ತು 22ರಂದು ನಡೆದ ಲ ಮಾನ್ ಪಂದ್ಯ ಈ ಎರಡು ಸೂತ್ರಗಳಿಗೂ ಒಟ್ಟಿಗೆ ಪರೀಕ್ಷೆಯಾಯಿತು. ರುಡಾಲ್ಫ್ ಕರಾಚಿಯೋಲ ಮತ್ತು ಕ್ರಿಸ್ಟಿಯನ್ ವರ್ನರ್ ಓಡಿಸಿದ ಏಳು ಲೀಟರಿನ ಮರ್ಸಿಡಿಸ್ ಒಂದು ಕಡೆ. ಬೆಂಟ್ಲಿ ಸಂಸ್ಥೆಯ ಸ್ಪೀಡ್ ಸಿಕ್ಸ್ ಕಾರುಗಳೂ ಪ್ಯಾಜೆಟ್ ತಂಡದ ತಿದಿಯ ಕಾರುಗಳೂ ಇನ್ನೊಂದು ಕಡೆ. ಬರ್ಕಿನ್ ಆರಂಭದಿಂದಲೇ ಮರ್ಸಿಡಿಸ್ಸನ್ನು ಬೆನ್ನಟ್ಟಿದನು. ಹಿಂದಿನ ಟಯರಿನ ಮೇಲ್ಪದರ ಕಿತ್ತುಹೋಗುತ್ತಿದ್ದರೂ ಲೆಕ್ಕಿಸದೆ, ಎರಡು ಚಕ್ರಗಳನ್ನು ಹುಲ್ಲಿನ ಮೇಲೆ ಇಳಿಸಿ ಕರಾಚಿಯೋಲನನ್ನು ದಾಟಿದನು. ಗಂಟೆಗೆ 144 ಕಿಲೋಮೀಟರಿನಂತೆ ಪಂದ್ಯದ ಅತಿವೇಗದ ಸುತ್ತು ಅವನದೇ. ರಾತ್ರಿಯಲ್ಲಿ ಮರ್ಸಿಡಿಸ್ ಕೆಟ್ಟು ನಿಂತಿತು. ತಿದಿಯ ಬೆಂಟ್ಲಿಗಳೂ ಕೊನೆ ಮುಟ್ಟಲಿಲ್ಲ. ಮರುದಿನ ಎರಡರ ಎಂಜಿನುಗಳೂ ಸೋತವು. ಸುಮಾರು 2930 ಕಿಲೋಮೀಟರು ಓಡಿ ಗೆದ್ದುದು ಬಾರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ನರ ಸ್ಪೀಡ್ ಸಿಕ್ಸ್. ಎರಡನೆಯದೂ ಸ್ಪೀಡ್ ಸಿಕ್ಸೇ. ಮರ್ಸಿಡಿಸ್ಸನ್ನು ದಣಿಸುವುದೇ ಬರ್ಕಿನ್ನನ ಪಾತ್ರವಾಗಿತ್ತೆಂದು ಹೇಳುವವರಿದ್ದಾರೆ. ಹಾಗೆಂದು ಒಪ್ಪಿದರೂ, ಗೆಲುವಿಗಾಗಿ ಸುಟ್ಟುಹೋದ ಎಂಜಿನ್ನು ಬಾಳಿಕೆಗೆ ನಿದರ್ಶನವಾಗಲಾರದು. ಇನ್ನೊಂದು ವಿಚಿತ್ರವೆಂದರೆ, ಹಿಂದಿನ ವರ್ಷ ಇದೇ ಪಂದ್ಯವನ್ನು ಬರ್ಕಿನ್ ಬಾರ್ನಾಟೊನ ಜೊತೆಯಲ್ಲಿ ಗೆದ್ದಿದ್ದುದು ತಿದಿಯಿಲ್ಲದ ಸ್ಪೀಡ್ ಸಿಕ್ಸಿನಲ್ಲಿಯೇ.

ಇಷ್ಟರಿಂದ ತಿದಿಯ ಎಂಜಿನು ವ್ಯರ್ಥವೆಂದು ತೀರ್ಮಾನಿಸುವುದು ಅನ್ಯಾಯ. ಯಂತ್ರದ ಬಾಳಿಕೆಯನ್ನು ಎಷ್ಟು ಹೊತ್ತಿನ ದುಡಿಮೆಗೆ ಎಂದು ಕೇಳದೆ ಅಳೆಯಲಾಗದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೋ ನಗರದ ಬಳಿ ನಡೆದ ಫ್ರೆಂಚ್ ಗ್ರಾಂಡ್ ಪ್ರಿ ಪಂದ್ಯದ ದೂರ ಸುಮಾರು 400 ಕಿಲೋಮೀಟರು. ಮೂರು ಗಂಟೆಗಳೊಳಗೆ ಮುಗಿದ ಆ ಓಟದಲ್ಲಿ, ಹಗುರವಾದ ಬುಗಾಟಿಗಳ ನಡುವೆ ಬರ್ಕಿನ್ನನ ಭಾರಿ ನಾಲ್ಕು ಆಸನದ ಕಾರು ಎತಾಂಸೆಲಿನ್ ಎಂಬವನ ಬುಗಾಟಿಯೊಂದನ್ನುಳಿದು ಎಲ್ಲವನ್ನೂ ಹಿಂದಿಕ್ಕಿ ಎರಡನೆಯ ಸ್ಥಾನ ಪಡೆಯಿತು. ಬೆಂಟ್ಲಿ ಕಾರುಗಳನ್ನು ಜಗತ್ತಿನ ಅತಿವೇಗದ ಲಾರಿಗಳೆಂದು ಎತ್ತೋರ್ ಬುಗಾಟಿ ಹಾಸ್ಯ ಮಾಡಿದನೆಂಬ ಪ್ರತೀತಿಯಿದೆ. ಅಂದು ಆ ಲಾರಿ ಅವನ ಹಲವು ಕಾರುಗಳಿಗಿಂತ ಮುಂದಿತ್ತು. ಇನ್ನು ಬ್ರೂಕ್‌ಲ್ಯಾಂಡ್ಸಿನ ಕಾಂಕ್ರೀಟು ಓಟದ ದಾರಿಯಲ್ಲಿ, 1932ರ ಮಾರ್ಚ್ 24ರಂದು, ಬರ್ಕಿನ್ ಒಂಟಿ ಆಸನದ ಬ್ಲೋವರಿನಲ್ಲಿ ಗಂಟೆಗೆ 137.96 ಮೈಲಿ, ಎಂದರೆ 222 ಕಿಲೋಮೀಟರು ವೇಗದ ದಾಖಲೆ ಸ್ಥಾಪಿಸಿದನು. ಆ ಸುತ್ತು ಮುಗಿಯಲು ಹಿಡಿದುದು ಸುಮಾರು 72 ಸೆಕೆಂಡು. ಎಪ್ಪತ್ತೆರಡು ಸೆಕೆಂಡಿನ ಕೆಲಸಕ್ಕೆ ಅದನ್ನು ಮೀರಿಸುವ ಕಾರು ಆ ದಾರಿಯಲ್ಲಿ ಆಗ ಇರಲಿಲ್ಲ. ಮೂರು ಗಂಟೆಗೆ ಅದು ಎರಡನೆಯದು. ಇಪ್ಪತ್ತನಾಲ್ಕು ಗಂಟೆಗೆ ಅದು ಅಸಮರ್ಥ. ಈ ದಾಖಲೆಯನ್ನು 1934ರಲ್ಲಿ ಜಾನ್ ಕಾಬ್ ಮುರಿದನು. ಅವನ ಕಾರಿನಲ್ಲಿದ್ದುದು ಸುಮಾರು 24 ಲೀಟರು ಗಾತ್ರದ, ತಿದಿಯಿಲ್ಲದ ನೇಪಿಯರ್ ವಿಮಾನ ಎಂಜಿನು. ಅಲ್ಲಿಯೂ ಬೆಂಟ್ಲಿಯ ಸೂತ್ರವೇ ಮೇಲಾಯಿತೆನ್ನಬಹುದು.

ಆದರೆ ಬೆಂಟ್ಲಿಗೆ ಅದರಿಂದ ಸಮಾಧಾನ ದೊರೆಯುವ ಕಾಲ ಮೀರಿತ್ತು. 1930ರಲ್ಲಿಯೇ ಪ್ಯಾಜೆಟ್ ತನ್ನ ನೆರವನ್ನು ಹಿಂತೆಗೆದುಕೊಂಡಿದ್ದಳು. ಜಗತ್ತನ್ನೇ ನಡುಗಿಸಿದ ಆರ್ಥಿಕ ಮುಗ್ಗಟ್ಟಿನಲ್ಲಿ ದುಬಾರಿ ಕಾರುಗಳನ್ನು ಕೊಳ್ಳುವವರು ವಿರಳರಾಗಿ, 1931ರಲ್ಲಿ ಸಂಸ್ಥೆ ದಿವಾಳಿಯೆದ್ದು ರೋಲ್ಸ್ ರಾಯ್ಸ್ ಪಾಲಾಯಿತು. ಈ ಪತನಕ್ಕೆ ತಿದಿಯೇ ಕಾರಣವೆನ್ನುವುದು ಅತಿಯಾದೀತು. ಅಂಥ ಕಾಲದಲ್ಲಿ 50 ಬ್ಲೋವರುಗಳನ್ನು ಕಟ್ಟಲು ತೊಡಗಿಸಿದ ಹಣ ಹೊರೆಯನ್ನು ಹಗುರಗೊಳಿಸಲಿಲ್ಲವೆಂದಷ್ಟೇ ಹೇಳಬಹುದು. ಬರ್ಕಿನ್ 1933ರಲ್ಲಿ ತೀರಿಕೊಂಡನು. ದಾಖಲೆಯ ಆ ಒಂಟಿ ಆಸನದ ಕಾರು ಮುಂದೆ ಇಂಗ್ಲೆಂಡಿನ ಪ್ರಸಿದ್ಧ ಗಡಿಯಾರ ತಜ್ಞ ಜಾರ್ಜ್ ಡೇನಿಯಲ್ಸನ ಸಂಗ್ರಹ ಸೇರಿ, ಅವನ ಮರಣಾನಂತರ 2012ರ ಹರಾಜಿನಲ್ಲಿ 50 ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಮಾರಾಟವಾಯಿತು. ಕ್ಷಣವೂ ತಪ್ಪದ ಗಡಿಯಾರಗಳನ್ನು ಕೈಯಾರೆ ಮಾಡುತ್ತಿದ್ದವನಿಗೆ ಈ ಮುಂಗೋಪಿ ಎಂಜಿನ್ನಿನ ಮೇಲೆ ಒಲವಿದ್ದುದು ಕುತೂಹಲದ ಸಂಗತಿ.

ಇಂದು ಇದೇ ವಿನ್ಯಾಸದ ಎಂಜಿನು ಬಾಳಿಕೆ ಬರಬಲ್ಲುದೆ? ಈ ಪ್ರಶ್ನೆಯನ್ನು ಬೆಂಟ್ಲಿ ಸಂಸ್ಥೆಯೇ ಕೈಗೆತ್ತಿಕೊಂಡಿತು. ತನ್ನ ಬಳಿಯಿದ್ದ ಬರ್ಕಿನ್ ತಂಡದ ಎರಡನೆಯ ಕಾರನ್ನು ಬಿಚ್ಚಿ, ಬಿಡಿಭಾಗಗಳನ್ನೆಲ್ಲ ಲೇಸರ್ ಕಿರಣಗಳಿಂದ ಅಳೆದು, ಅದರಂತೆಯೇ 12 ಹೊಸ ಕಾರುಗಳನ್ನು ಕಟ್ಟುವುದಾಗಿ 2019ರಲ್ಲಿ ಪ್ರಕಟಿಸಿತು. ಪರೀಕ್ಷೆಗೆಂದು ಮೊದಲು ಕಟ್ಟಿದ ಕಾರು 2020ರ ಕೊನೆಯಲ್ಲಿ ಸಿದ್ಧವಾಯಿತು. ಓಟದ ದಾರಿಯಲ್ಲಿ 8000 ಕಿಲೋಮೀಟರು ಓಡಿಸಿ, ಸಾಮಾನ್ಯ ರಸ್ತೆಯ 35,000 ಕಿಲೋಮೀಟರಿಗೆ ಸಮನಾದ ಸವೆತವನ್ನು ಪರೀಕ್ಷಿಸುವುದು ಅದರ ಗುರಿ. ನಾಲ್ಕು ಕವಾಟ, ಎರಡು ಪ್ಲಗ್ಗು, ಮೂತಿಯ ತಿದಿ ಎಲ್ಲವೂ ಹಿಂದಿನಂತೆಯೇ ಉಳಿದವು. ಬದಲಾದುದು ಸುತ್ತಲಿನ ಲೋಕ. ಎರಕದೊಳಗಿನ ಬಿರುಕನ್ನು ಎಂಜಿನು ಓಡುವ ಮೊದಲೇ ಕಂಡುಹಿಡಿಯುವ ವಿಧಾನಗಳು ಇಂದು ಇವೆ. ಕಾದರೂ ಪದರ ಹರಿಯದ ಎಣ್ಣೆಯಿದೆ. ನಾಕ್ ಹೊಡೆಯದ ಪೆಟ್ರೋಲಿದೆ. ಹಳೆಯ ಬ್ಲೋವರುಗಳನ್ನು ಉಳಿಸಿಕೊಂಡಿರುವ ಒಡೆಯರಲ್ಲಿ ಬಹುಮಂದಿ ಅವನ್ನು 4200 ಸುತ್ತಿನವರೆಗೆ ಅಟ್ಟುವುದೂ ಇಲ್ಲ.

ಹೊಸದಾಗಿ ಕಟ್ಟಿದ ಮೊದಲ ಎಂಜಿನ್ನನ್ನು ಓಡಿಸಿ ನೋಡಿದ್ದು ಕ್ರೂ ಪಟ್ಟಣದ ಬೆಂಟ್ಲಿ ಕಾರ್ಖಾನೆಯ ಒಂದು ಪರೀಕ್ಷಾಗೃಹದಲ್ಲಿ. 1938ರಲ್ಲಿ ರೋಲ್ಸ್ ರಾಯ್ಸ್ ಆ ಕಾರ್ಖಾನೆಯನ್ನು ಕಟ್ಟಿದಾಗ, ಯುದ್ಧವಿಮಾನಗಳ ‘ಮರ್ಲಿನ್’ ಎಂಜಿನುಗಳನ್ನು ಓಡಿಸಿ ನೋಡಲೆಂದು ಆ ಪರೀಕ್ಷಾಗೃಹವನ್ನು ಅಣಿಗೊಳಿಸಲಾಗಿತ್ತು. ಮರ್ಲಿನ್ ಕೂಡ ತಿದಿಯ ಎಂಜಿನ್ನೇ. ಗಾಳಿ ತೆಳುವಾದ ಎತ್ತರಗಳಲ್ಲಿ ಹಾರುವ ವಿಮಾನಕ್ಕೆ ತಿದಿ ಅನಿವಾರ್ಯ. ಅದರ ಸಿಲಿಂಡರು, ಕವಾಟ, ಬೇರಿಂಗುಗಳನ್ನು ಮೊದಲ ರೇಖೆಯಿಂದಲೇ ತಿದಿಯ ಒತ್ತಡವನ್ನು ಗಣಿಸಿ ರೂಪಿಸಲಾಗಿತ್ತು.